ನೊರ್ಬರ್ಟನ ಪೆನಾಲ್ಟಿ

ಮಂಗಳೂರಿನವರು ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲೊಂದು ಸಂಘ ಹುಟ್ಟುತ್ತದೆ. ಸಂಘ ಹುಟ್ಟಿದ ಮೇಲೆ ವರ್ಷಕ್ಕೊಮ್ಮೆ ಯಾರ ಹೆಗಲಿಗಾದರೂ ಶಾಲು ಹೊದಿಸದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಊರಿನ ಸಂತ ಲಿಯೊ ಕಾಲೇಜಿನ, ಮಸ್ಕತ್ತಿನಲ್ಲಿರುವ ಹಳೆ ವಿದ್ಯಾರ್ಥಿಗಳ ಸಂಘ ಈ ವರ್ಷದ ಶಾಲಿಗೆ ಹುಡುಕಿಕೊಂಡ ಹೆಗಲು ಮೆಲಿಸ್ಸಾಳದು. ಶಾಲು ಹೊದಿಸಿಕೊಳ್ಳುವವಳನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸಂಘದ ಕಾರ್ಯದರ್ಶಿಗೂ ಹೊಳೆಯಲಿಲ್ಲ, ಮತ್ತು ಆ ಕಾರ್ಯದರ್ಶಿ ಅವಳ ಅಪ್ಪ ನೊರ್ಬರ್ಟ್.

ಅವಳಿಗೆ ವಿಷಯ ಗೊತ್ತಾದದ್ದು ಬ್ಯಾನರ್ ನೋಡಿ. ಶನಿವಾರ ಸಂಜೆ ವಾದಿ ಅದಾಯ್‌ನ ಗ್ಯಾರೇಜುಗಳ ಹಿಂದಿರುವ ಬಾಡಿಗೆ ಮೈದಾನದ ಮುಂದೆ ಅಪ್ಪ ಅಮ್ಮನ ಜೊತೆ ಕಾರಿನಿಂದ ಇಳಿದರೆ, ತಂತಿಬೇಲಿಯ ಮೇಲೆ ಅವಳದೇ ಮುಖ ಬಾಗಿಲಷ್ಟು ದೊಡ್ಡದಾಗಿ ಹಲ್ಲುಬಿಟ್ಟು ನಿಂತಿತ್ತು. ಕೆಳಗೆ ಕೆಂಪು ಅಕ್ಷರಗಳಲ್ಲಿ, ‘ನಮ್ಮ ಕಾಲೇಜಿನ ಹೊಸ ಗೋಲ್‌ಕೀಪರ್ ಕುಮಾರಿ ಮೆಲಿಸ್ಸಾಗೆ ಹಾರ್ದಿಕ ಅಭಿನಂದನೆಗಳು.’

“ಡ್ಯಾಡಿ, ಇದೆಂತ?”

“ಸರ್‌ಪ್ರೈಸ್,” ಎಂದ ನೊರ್ಬರ್ಟ್. ಅವನ ಮುಖ ಬ್ಯಾನರಿನ ಮುಖಕ್ಕಿಂತ ಹೆಚ್ಚು ಅರಳಿತ್ತು.

“ನಾನು ನಿನ್ನೆ ಬೇಡ ಅಂತ ಹೇಳಿದ್ದೆ.”

“ಹೇಳಿದ್ದಿ, ಹೇಳಿದ್ದಿ. ಈಗ ಹೋಗಿ ಬೂಟು ಹಾಕು.”

ಹೇಳಿದ್ದು ಹೌದು. ಆದರೆ ಹೇಳಿದ್ದು ಊಟದ ಮೇಜಿನಲ್ಲಿ, ಅಲ್ಲೇ ಎಡವಟ್ಟಾದದ್ದು. ಹಿಂದಿನ ದಿನ, ಶುಕ್ರವಾರ ಚರ್ಚಿನ ಬಲಿಪೂಜೆ ಮುಗಿಸಿಕೊಂಡು ಸ್ಟೀವನ್ ಸರ್ ಹಮ್ರಿಯಾದಲ್ಲಿರುವ ನೊರ್ಬರ್ಟನ ಫ್ಲ್ಯಾಟಿಗೆ ಊಟಕ್ಕೆ ಬಂದಿದ್ದರು. ಅವರು ಸಂತ ಲಿಯೊ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಒಂದು ಕಾಲದಲ್ಲಿ ನೊರ್ಬರ್ಟನ ಜೊತೆ ಅದೇ ಕಾಲೇಜಿನ ತಂಡದಲ್ಲಿ ಆಡಿದವರು. ಊರಿನಿಂದ ಬಂದದ್ದು ಸಂಘದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ, ಆದರೆ ಅವರ ಕಣ್ಣಿದ್ದದ್ದು ಗೋಲ್‌ಕೀಪರ್ ಮೇಲೆ. ಕಾಲೇಜಿನ ಹುಡುಗಿಯರ ತಂಡದಲ್ಲಿ ಗೋಲು ಕಾಯಲು ಗಟ್ಟಿ ಆಳಿಲ್ಲದೆ ಯೂನಿವರ್ಸಿಟಿ ಕಪ್ ಪ್ರತಿವರ್ಷ ಕೈತಪ್ಪುತ್ತಿತ್ತು.

“ಸ್ಪೋರ್ಟ್ಸ್ ಕೋಟಾದಲ್ಲಿ ಬಿ.ಕಾಂ. ಸೀಟು, ಹಾಸ್ಟೆಲು, ಊಟ, ಎಲ್ಲ ನಮ್ಮದು,” ಎಂದಿದ್ದರು ಸರ್, ಬಂಗುಡೆಯ ಮುಳ್ಳು ಬಿಡಿಸುತ್ತ. “ಒಂದೇ ಕಂಡೀಶನ್. ಮೂರು ವರ್ಷ ಬೇರೆ ಯಾವ ಕ್ಲಬ್ಬಿಗೂ ಆಡ್ಲಿಕ್ಕಿಲ್ಲ. ಮತ್ತೆ ಬ್ಯಾಂಕೋ ರೈಲ್ವೆಯೋ, ಅದೇ ಕೋಟಾದಲ್ಲಿ ಒಂದು ಕೆಲಸ. ಅಲ್ಲಿಗೆ ಲೈಫ್ ಸೆಟ್ಲ್.”

“ನನಗೆ ಬೇಡ ಸರ್,” ಎಂದಿದ್ದಳು ಮೆಲಿಸ್ಸಾ. “ಗೋವಾದ ಕ್ಲಬ್ಬಿಂದ ಕರೆದಿದ್ದಾರೆ. ಲೀಗ್ ಆಡುವ ಟೀಮು. ನಾಡಿದ್ದಿನ ಒಳಗೆ ಹೇಳ್ಬೇಕಂತೆ. ನಾನು ಅಲ್ಲಿಗೆ ಹೋಗ್ತೇನೆ.”

ಕಳೆದ ಬೇಸಗೆ ರಜೆಯಲ್ಲಿ ಗೋವಾಕ್ಕೆ ಮದುವೆಗೆಂದು ಹೋದವಳು, ಮದುವೆಯ ಮರುದಿನ ಆ ಕ್ಲಬ್ಬಿನ ಆಯ್ಕೆಗೆ ಹೋಗಿ ನಿಂತಿದ್ದಳು. ಅಲ್ಲಿನ ಕೋಚ್ ಪ್ರಿನ್ಸಿ ಮೇಡಂ ಸಂಜೆಯವರೆಗೆ ಅವಳನ್ನು ಮಣ್ಣಿನಲ್ಲಿ ಹೊರಳಾಡಿಸಿ, ಕೊನೆಗೆ ಏನೂ ಹೇಳದೆ ಕಳಿಸಿದ್ದರು. ಈಗ ಹನ್ನೆರಡನೆಯ ಪರೀಕ್ಷೆ ಮುಗಿದ ವಾರವೇ ಫೋನು ಬಂತು. ಒಂದು ವರ್ಷದ ಕರಾರು, ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಮೊದಲು ಬೆಂಚಿನ ಮೇಲೆ ಕೂರಬೇಕಾಗುತ್ತದೆ ಎಂದೂ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ಮುಚ್ಚುಮರೆಯಿಲ್ಲದ ಮಾತೇ ಮೆಲಿಸ್ಸಾಳಿಗೆ ಹಿಡಿಸಿತ್ತು.

“ಕೈ ಮುರಿದ್ರೆ ಎಂತ ಮಾಡ್ತಿ?” ಎಂದಿದ್ದಳು ಅಮ್ಮ ಜೇನ್, ಸಾರಿನ ಸೌಟು ಹಿಡಿದುಕೊಂಡೇ. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಮುರಿದ ಕೈಗಳನ್ನು ದಿನಾ ನೋಡುತ್ತಿದ್ದಳು. “ಡಿಗ್ರಿ ಅಂತ ಒಂದು ಇದ್ರೆ ಧೈರ್ಯ.”

“ಡಿಗ್ರಿ ಕರೆಸ್ಪಾಂಡೆನ್ಸಲ್ಲಿ ಮಾಡ್ತೇನೆ ಮಮ್ಮಿ. ಗೋಲು ಕರೆಸ್ಪಾಂಡೆನ್ಸಲ್ಲಿ ಕಾಯ್ಲಿಕ್ಕೆ ಆಗುದಿಲ್ಲ.”

ಸ್ಟೀವನ್ ಸರ್ ನಕ್ಕರು. ನೊರ್ಬರ್ಟನೂ ನಕ್ಕ. ಇವರ ಕಡೆ ಊಟಕ್ಕೆ ಕೂತವರು ಹೇಳುವ ‘ಬೇಡ’ಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಬೇಡ ಎಂದವರ ತಟ್ಟೆಗೆ ಇನ್ನೊಂದು ಸೌಟು ಬಡಿಸುವುದೇ ಮರ್ಯಾದೆ. ಬೇಡ ಎಂದದ್ದನ್ನು ನಂಬಿ ಸುಮ್ಮನಾದರೆ ಊರೆಲ್ಲ ಆಡಿಕೊಳ್ಳುತ್ತದೆ. ಮೆಲಿಸ್ಸಾಳ ಬೇಡವನ್ನೂ ಅವರು ಅದೇ ಲೆಕ್ಕಕ್ಕೆ ಹಾಕಿದರು. ದೊಡ್ಡವರ ಮುಂದೆ ಹುಡುಗಿಗೆ ಸಂಕೋಚ, ಬಡಿಸಿದರೆ ತಿನ್ನುತ್ತಾಳೆ.

“ನನ್ನನ್ನೂ ಗೋವಾಕ್ಕೆ ಕರೆದಿದ್ರು ಗೊತ್ತುಂಟಾ?” ಎಂದಿದ್ದ ನೊರ್ಬರ್ಟ್. “ನಾನು ಹೋಗ್ಲಿಲ್ಲ. ಡಿಗ್ರಿ ಮುಗಿಸಿದೆ, ಇಲ್ಲಿಗೆ ಬಂದೆ. ಈಗ ಎಂತ ಕಮ್ಮಿ ಆಗಿದೆ ನನಗೆ?”

ಏನು ಕಮ್ಮಿಯಾಗಿದೆ ಎಂದು ಮೆಲಿಸ್ಸಾಳಿಗೆ ಚೆನ್ನಾಗಿ ಗೊತ್ತಿತ್ತು. ಟಿ.ವಿ.ಯಲ್ಲಿ ಮ್ಯಾಚು ಬರುವಾಗ ಅಪ್ಪನ ಬಲಗಾಲು ಟೀಪಾಯಿಯ ಕೆಳಗೆ ತನ್ನಷ್ಟಕ್ಕೆ ತಾನೇ ಒದೆಯುತ್ತಿತ್ತು. ಟೀಪಾಯಿಯ ಒಂದು ಕಾಲು ಹಾಗೆ ಸಡಿಲಾಗಿಹೋಗಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಅಪ್ಪನ ಮೇಲೆ ಕನಿಕರ ಬರುತ್ತಿತ್ತು. ಅದನ್ನು ಅತಿಥಿಯ ಮುಂದೆ ಹೇಳುವುದು ಹೇಗೆ? ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಒಪ್ಪಿಗೆ ಎಂದುಕೊಂಡು ನೊರ್ಬರ್ಟ್ ಊಟದ ಕೈ ತೊಳೆದವನೇ ರೂವಿಯ ಬ್ಯಾನರ್ ಅಂಗಡಿಗೆ ಓಡಿದ್ದ.

ಈಗ ಮೈದಾನದಲ್ಲಿ ಮ್ಯಾಚುಗಳು ಮುಗಿದಿದ್ದವು. ಹೊಟ್ಟೆ ಬಂದ ಅಂಕಲ್‌ಗಳು ಏದುಸಿರು ಬಿಡುತ್ತ ಕುರ್ಚಿ ಹಿಡಿದಿದ್ದರು. ಸಂಘದ ಊಟ ಮಾಡಿಕೊಡುವ ಬೀಫಾತಿಮಾ ಹಮ್ರಿಯಾದ ತನ್ನ ಅಡುಗೆಮನೆಯಿಂದ ತಂದಿಳಿಸಿದ, ಕೋಳಿಸಾರಿನ ಕೋರಿರೊಟ್ಟಿಯ ಪಾತ್ರೆಗಳ ಕಡೆಗೇ ಎಲ್ಲರ ಮೂಗಿತ್ತು. ಆದರೆ ಸನ್ಮಾನ ಮುಗಿಯದೆ ಮುಚ್ಚಳ ತೆಗೆಯುವಂತಿಲ್ಲ. ಪ್ಲಾಸ್ಟಿಕ್ ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ, ಹೆಸರು ಕೆತ್ತಿಸಿದ ಸ್ಮರಣಿಕೆ, ಎಲ್ಲ ಅಚ್ಚುಕಟ್ಟಾಗಿ ಕಾದಿದ್ದವು.

ಮೈಕು ಹಿಡಿದಿದ್ದವನು ಸಂಘದ ಕಾಯಂ ನಿರೂಪಕ ಶೈಲೇಶ್. ಪ್ರತಿವರ್ಷದ ಹಾಗೆ ಈ ವರ್ಷವೂ ಅವನು ನೊರ್ಬರ್ಟನ ಕಥೆಯಿಂದಲೇ ಶುರುಮಾಡಿದ. ಕಾಲೇಜಿಗೆ ಆಡಿದಷ್ಟು ಕಾಲ ನೊರ್ಬರ್ಟ್ ಒಂದೇ ಒಂದು ಪೆನಾಲ್ಟಿ ತಪ್ಪಿಸಿದವನಲ್ಲ. ಅವನು ಓಡಿ ಬರುವುದನ್ನು ಕಂಡೇ ಎದುರಿನ ಗೋಲ್‌ಕೀಪರುಗಳು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಕಥೆ ವರ್ಷವರ್ಷ ಒಂದಿಷ್ಟು ಉದ್ದವಾಗುತ್ತಿತ್ತು. ನೊರ್ಬರ್ಟ್ ಪ್ರತಿಸಲವೂ ಮೊದಲ ಬಾರಿ ಕೇಳಿದವನಂತೆ ತಲೆ ತಗ್ಗಿಸಿ ನಗುತ್ತಿದ್ದ. ಕಂಪನಿಯ ಕೆಲಸದಲ್ಲಿ ತಲೆಗೂದಲು ಕಳೆದುಕೊಂಡವನಿಗೆ ಉಳಿದಿದ್ದ ಒಂದೇ ಆಸ್ತಿ ಆ ಕಥೆ.

“ಅಂಥ ಅಪ್ಪನ ಮಗಳು,” ಎಂದು ಶೈಲೇಶ್ ಕರೆದ.

ಆಗಷ್ಟೇ ಗೋಲು ಕಾದು ಬಂದಿದ್ದ ಮೆಲಿಸ್ಸಾ ಕೈಗವಸು ತೆಗೆಯದೆಯೇ ಹೋದಳು. ಸ್ಟೀವನ್ ಸರ್ ಶಾಲು ಬಿಡಿಸಿ ಎರಡೂ ಕೈಯಲ್ಲಿ ಎತ್ತಿದರು. ಮೊಬೈಲುಗಳು ಮೇಲೆದ್ದವು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಸರ್ ಒಂದು ಹೆಜ್ಜೆ ಮುಂದೆ ಬಂದರು. ಅವಳು ಮತ್ತೊಂದು ಹೆಜ್ಜೆ ಸರಿದಳು.

“ನಾಚಿಕೆ ಪಾಪ,” ಎಂದಳು ಮುಂದಿನ ಸಾಲಿನಲ್ಲಿ ಕೂತಿದ್ದ ವಿಲ್ಮಾ ಆಂಟಿ.

“ನಾಚಿಕೆ ಅಲ್ಲ ಆಂಟಿ,” ಎಂದು ಮೆಲಿಸ್ಸಾ ಶೈಲೇಶನ ಕೈಯಿಂದ ಮೈಕು ತೆಗೆದುಕೊಂಡಳು. “ಸರ್, ಈ ಶಾಲು ನನ್ನದಲ್ಲ. ನಾನು ಕಾಲೇಜಿಗೆ ಬರುದಿಲ್ಲ. ನಿನ್ನೆ ಊಟದಲ್ಲಿ ಹೇಳಿದ್ದೆ, ಯಾರಿಗೂ ಕೇಳ್ಲಿಲ್ಲ. ಇವತ್ತು ಮೈಕಲ್ಲಿ ಹೇಳ್ತಾ ಇದ್ದೇನೆ. ನಾನು ಗೋವಾದ ಕ್ಲಬ್ಬಿಗೆ ಆಡ್ಲಿಕ್ಕೆ ಹೋಗ್ತೇನೆ.”

“ಮೂರೇ ವರ್ಷ ಅಲ್ವಾ ಮಗಾ, ಮತ್ತೆ ಹೋಗ್ಬಹುದಲ್ಲ,” ಎಂದಿತು ಕುರ್ಚಿಗಳ ಕಡೆಯಿಂದ ಒಂದು ಧ್ವನಿ.

“ನೀವು ಹೋದ್ರಾ ಅಂಕಲ್?” ಎಂದಳು ಮೆಲಿಸ್ಸಾ. “ನೀವೆಲ್ಲ ನನಗಿಂತ ಚೆನ್ನಾಗಿ ಆಡಿದವರು. ಸೀಟಿಗೆ ಆಡಿದ್ರಿ, ಕೆಲಸಕ್ಕೆ ಆಡಿದ್ರಿ, ಕೆಲಸ ಸಿಕ್ಕಿದ ಮೇಲೆ ಬೂಟು ಕಟ್ಟಿಟ್ರಿ. ನಾನು ಆಟ ನಿಲ್ಲಿಸ್ಲಿಕ್ಕೋಸ್ಕರ ಆಡುದಿಲ್ಲ.”

ಜೇನ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ನೊರ್ಬರ್ಟನ ಮುಖ ಕೆಂಪಡರಿತ್ತು. ಅಷ್ಟು ಜನರ ಮುಂದೆ ಮಗಳು ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದಳು, ಅದೂ ಅವನೇ ಕಟ್ಟಿಸಿದ ಬ್ಯಾನರಿನ ಅಡಿಯಲ್ಲಿ.

ಸ್ಟೀವನ್ ಸರ್ ಹಳೇ ಹುಲಿ, ಸುಲಭಕ್ಕೆ ಬಿಡುವವರಲ್ಲ. ಶಾಲನ್ನು ಮಡಚಿ ತಮ್ಮ ಹೆಗಲಿಗೇ ಹಾಕಿಕೊಂಡು ಜೋರಾಗಿ ನಕ್ಕರು. “ಆಯ್ತು ಮಾರಾಯ್ತಿ, ಆಟಗಾರರು ಆಟದಲ್ಲೇ ತೀರ್ಮಾನ ಮಾಡುವ. ಒಂದು ಪೆನಾಲ್ಟಿ. ಅಪ್ಪ ಹೊಡೀಲಿ, ಮಗಳು ಹಿಡೀಲಿ. ಗೋಲಾದ್ರೆ ನಮ್ಮ ಕಾಲೇಜು, ಹಿಡಿದ್ರೆ ಗೋವಾ. ಎಂತ ಹೇಳ್ತೀರಿ ಎಲ್ಲ?”

ಎಲ್ಲರಿಗೂ ಜೀವ ಬಂತು. ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಯಾರೋ ಚೆಂಡು ತಂದು ಪೆನಾಲ್ಟಿಯ ಗುರುತಿನ ಮೇಲೆ ಇಟ್ಟೇಬಿಟ್ಟರು. ನೊರ್ಬರ್ಟ್ ಪ್ಯಾಂಟಿನ ತುದಿ ಮಡಚಿಕೊಂಡು ಚೆಂಡಿನ ಹಿಂದೆ ಹೋಗಿ ನಿಂತ.

ಮೆಲಿಸ್ಸಾ ಗೋಲಿನೊಳಗೆ ಹೋಗಿ ನಿಂತಳು. ಅಪ್ಪನ ಪೆನಾಲ್ಟಿ ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಇದೇ ಮೈದಾನದಲ್ಲಿ ಅವನು ಅವಳಿಗೆ ಗೋಲು ಕಾಯುವುದನ್ನು ಕಲಿಸಿದ್ದ. ಚೆಂಡು ಕಾಲು ಬಿಡುವ ತನಕ ಅಲುಗಾಡಬೇಡ ಎಂದು ಬೈದು ಬೈದು ತಿದ್ದಿದ್ದ. ಓಡಿ ಬರುವಾಗ ಅವನ ಎಡ ಹೆಗಲು ಸ್ವಲ್ಪ ತಗ್ಗುತ್ತದೆ, ಚೆಂಡು ಅವಳ ಬಲಕ್ಕೆ, ನೆಲಕ್ಕಂಟಿಕೊಂಡು ಬರುತ್ತದೆ. ಈಚೆಗೆ ಅವನು ಹೊಡೆದದ್ದರಲ್ಲಿ ಹೆಚ್ಚಿನವನ್ನು ಅವಳು ಹಿಡಿದಿದ್ದಳು. ಮನೆಯ ವಿಷಯ, ಸಂಘಕ್ಕೆ ಗೊತ್ತಿರಲಿಲ್ಲ. ಇದನ್ನೂ ಹಿಡಿಯುತ್ತಾಳೆ. ಹಿಡಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸರ್ ಬೆನ್ನು ತಟ್ಟಿ ಹೋಗಿ ಬಾ ಎನ್ನುತ್ತಾರೆ, ಕೋರಿರೊಟ್ಟಿ ತಿಂದು ಮನೆಗೆ ಹೋಗಬಹುದು.

ಅಲ್ಲಿಗೆ ಅವಳ ಪಿತ್ತ ನೆತ್ತಿಗೇರಿತು. ಹೋಗಿ ಬಾ ಎನ್ನಲು ಇವರು ಯಾರು? ಹಿಡಿದರೆ ಇವರ ಅಪ್ಪಣೆಯಿಂದ ಹೋದ ಹಾಗಾಯಿತು. ಕೈಜಾರಿದರೆ ಇವರ ಅಪ್ಪಣೆಯಿಂದ ನಿಂತ ಹಾಗಾಯಿತು.

ಅವಳು ಎರಡೂ ಕೈಗವಸು ಬಿಚ್ಚಿ ಗೋಲಿನ ಬಲೆಗೆ ಸಿಕ್ಕಿಸಿದಳು. ನಿಧಾನವಾಗಿ ಹೊರಗೆ ನಡೆದು ಗೆರೆಯಾಚೆ ಕೈಕಟ್ಟಿ ನಿಂತಳು.

“ಹೊಡೀರಿ ಡ್ಯಾಡಿ. ಗೋಲು ಖಾಲಿ ಉಂಟು. ಬಾಲು ಒಳಗೆ ಹೋದ್ರೂ ನಾನು ಗೋವಾಕ್ಕೇ ಹೋಗುದು.”

ಶಿಳ್ಳೆ ನಿಂತಿತು. ಪಕ್ಕದ ಗ್ಯಾರೇಜಿನಲ್ಲಿ ತಗಡು ಬಡಿಯುವ ಸದ್ದೊಂದೇ ಕೇಳುತ್ತಿತ್ತು. “ಎಂತ ಅಹಂಕಾರ ನೋಡಿ,” ಎಂದು ವಿಲ್ಮಾ ಆಂಟಿ ಅಂದದ್ದು ಎಲ್ಲರಿಗೂ ಕೇಳಿಸಿತು. ಮೆಲಿಸ್ಸಾ ತಿರುಗಿ ನೋಡಲಿಲ್ಲ. ಅಹಂಕಾರ ಎಂದರೆ ಅಹಂಕಾರವೇ ಇರಲಿ ಎನಿಸಿತು ಅವಳಿಗೆ.

“ಹೊಡಿ ನೊರ್ಬಾ,” ಎಂದರು ಸ್ಟೀವನ್ ಸರ್. “ಹೊಡಿ. ಹುಡುಗಿಗೆ ಬುದ್ಧಿ ಬರ್ಲಿ.”

ನೊರ್ಬರ್ಟ್ ಖಾಲಿ ಗೋಲನ್ನು ನೋಡಿದ. ಬಲೆಗೆ ನೇತುಬಿದ್ದ ಕೈಗವಸುಗಳನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ಅಷ್ಟೂ ಹೊತ್ತು ಅವಳು ಅಲುಗಾಡಲಿಲ್ಲ. ಅವನು ಎಂದಿನಂತೆ ಹಿಂದಕ್ಕೆ ಹೋಗಿ, ಎಂದಿನಂತೆ ಓಡಿ ಬಂದ. ಎಡ ಹೆಗಲು ತಗ್ಗಲಿಲ್ಲ.

ಚೆಂಡು ಗೋಲಿನ ಮೇಲಿನಿಂದ, ತಂತಿಬೇಲಿಯ ಮೇಲಿನಿಂದ, ನಗುತ್ತಿದ್ದ ಬ್ಯಾನರಿನ ಮೇಲಿನಿಂದ ಹಾರಿ ಹೋಗಿ ಗ್ಯಾರೇಜಿನ ತಗಡಿನ ಮಾಡಿಗೆ ಧಡಾರೆಂದು ಬಡಿಯಿತು. ಒಳಗಿನಿಂದ ಯಾರೋ ಉರ್ದುವಿನಲ್ಲಿ ಬೈದರು.

ಶೈಲೇಶ್ ಮೇಜಿನ ಮೇಲಿದ್ದ ಮೈಕನ್ನು ಆರಿಸಿದ. ಮುಂದಿನ ವರ್ಷ ಹೇಳಲು ಅವನಿಗೆ ಕಥೆ ಉಳಿದಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕನೆ ನಕ್ಕರು, ಆಮೇಲೆ ಇನ್ನೊಬ್ಬರು. ಖಾಲಿ ಗೋಲಿಗೆ ಪೆನಾಲ್ಟಿ ತಪ್ಪಿಸಿದವನು ಎಂದು ಮಸ್ಕತ್ತಿನಿಂದ ಮಂಗಳೂರಿನ ತನಕ ಸುದ್ದಿ ಹಬ್ಬಲು ವಾಟ್ಸಾಪಿಗೆ ಎಷ್ಟು ಹೊತ್ತು? ಸ್ಟೀವನ್ ಸರ್ ಹೆಗಲಿನ ಶಾಲು ತೆಗೆದು ಮೇಜಿನ ಮೇಲಿಟ್ಟರು. ಜೇನ್ ಎದ್ದು ಹೋಗಿ ಬಲೆಯಿಂದ ಕೈಗವಸು ಬಿಡಿಸಿ, ಮಣ್ಣು ಕೊಡವಿ, ತನ್ನ ಬ್ಯಾಗಿನೊಳಗೆ ಹಾಕಿಕೊಂಡಳು.

ನೊರ್ಬರ್ಟ್ ಮಡಚಿದ ಪ್ಯಾಂಟನ್ನು ಇಳಿಸಿಕೊಳ್ಳುತ್ತ ಬಗ್ಗಿದ್ದ. ಮೆಲಿಸ್ಸಾ ಅವನ ಹತ್ತಿರ ಹೋದಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟು ಇನ್ನೂ ಇಳಿದಿರಲಿಲ್ಲ.

“ನೀವು ತಪ್ಪಿಸ್ಬೇಕು ಅಂತ ಇರ್ಲಿಲ್ಲ ಡ್ಯಾಡಿ. ಗೋಲಾಗಿದ್ರೂ ನಾನು ಹೋಗ್ತಿದ್ದೆ.”

“ಗೊತ್ತುಂಟು,” ಎಂದ ನೊರ್ಬರ್ಟ್ ನೆಟ್ಟಗಾಗಿ. “ಅದಕ್ಕೇ ಹೊರಗೆ ಹೊಡೆದದ್ದು.”