ಬಡತನದಲ್ಲಿ ಪಾಸು

ಕಳೆದ ವರ್ಷ ರಿಫಾಳ ಅರ್ಜಿ ಬಿದ್ದುಹೋದದ್ದು ಕೋಳಿ ಸುಕ್ಕದಿಂದ.

ಅರ್ಜಿ ಹಾಕಿದ್ದು ಮೂರು ತಾಲೂಕು ಖಿದ್ಮತ್ ಟ್ರಸ್ಟಿಗೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಡಮಕ್ಕಳ ಓದಿಗೆ ನೆರವು ಕೊಡುವ ಸಂಸ್ಥೆ ಅದು. ರಂಜಾನಿನಲ್ಲಿ ಗಲ್ಫಿನಿಂದ ಹಣ ಬರುತ್ತದೆ, ಮಳೆಗಾಲದಲ್ಲಿ ಅರ್ಜಿದಾರರ ಮನೆ ನೋಡಲು ಸಮಿತಿ ಬರುತ್ತದೆ, ಮಳೆ ಬಿಟ್ಟ ಮೇಲೆ ವಾರ್ಷಿಕೋತ್ಸವ ಬರುತ್ತದೆ. ಬಡತನವನ್ನು ಅಳೆಯಲು ಕಾರ್ಯದರ್ಶಿ ಅಸ್ಕರ್ ತನ್ನ ಟ್ಯಾಬಿನಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದ. ಟೈಲ್ಸ್ ಇದ್ದರೆ ಅಂಕ ಕಡಿಮೆ, ಫ್ರಿಜ್ಜಿದ್ದರೆ ಇನ್ನೂ ಕಡಿಮೆ, ಗಂಡ ಸತ್ತಿದ್ದರೆ ಜಾಸ್ತಿ. ದುಬೈಯಲ್ಲಿ ಗೋದಾಮು ನೋಡಿಕೊಂಡಿದ್ದವನು. ಯಾವುದನ್ನೂ ಎಣಿಸದೆ ಒಳಗೆ ಬಿಟ್ಟು ಅಭ್ಯಾಸವಿರಲಿಲ್ಲ.

ರಿಫಾಳ ತಂದೆ ಬಾಸಿತ್ ತೀರಿಕೊಂಡದ್ದರಿಂದ ತಾಯಿ ರುಕಿಯಾಳಿಗೆ ಬಂದ ಅಂಕವನ್ನು, ಅವನೇ ಸೌದಿಯ ದಮ್ಮಾಮಿನಲ್ಲಿದ್ದಾಗ ಹಾಕಿಸಿದ ಟೈಲ್ಸು ತಿಂದುಹಾಕಿತು. ಆದರೂ ಹೇಗೋ ಪಾಸಾಗುತ್ತಿತ್ತು. ಆದರೆ ಮಳೆಯಲ್ಲಿ ಸಿದ್ಧಕಟ್ಟೆಯವರೆಗೆ ಬಂದ ಹಿರಿಯರನ್ನು ಬರೀ ಚಾ ಕೊಟ್ಟು ಕಳಿಸುವುದು ಹೇಗೆ? ರುಕಿಯಾ ಅಂಗಡಿಯಲ್ಲಿ ಸಾಲ ಹೇಳಿ ಕೋಳಿ ತಂದಳು. ಬಟ್ಟೆಯಷ್ಟು ತೆಳುವಾದ, ಮೆತ್ತಗಿನ ಅಕ್ಕಿರೊಟ್ಟಿ, ಪತ್ತಿರಿ, ಸುಟ್ಟಳು. ಸಮಿತಿ ಎರಡೆರಡು ಸಲ ಬಡಿಸಿಕೊಂಡಿತು. ಅಧ್ಯಕ್ಷ ಇಬ್ರಾಹಿಂ ಖಲೀಲ್ ಹಾಜಿ ಬೆರಳು ನೆಕ್ಕಿ, "ಬರ್ಕತ್ತಿನ ಮನೆ" ಎಂದು ದುವಾ ಮಾಡಿದರು. ಅಸ್ಕರ್ ಅದನ್ನೇ ತನ್ನ ಭಾಷೆಯಲ್ಲಿ ಟ್ಯಾಬಿಗೆ ಹಾಕಿದ: ಅನುಕೂಲಸ್ಥರು. ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿ ಬಡತನದಲ್ಲಿ ಫೇಲಾದಳು. ಅವಳ ನರ್ಸಿಂಗಿನ ಮೊದಲ ವರ್ಷದ ಫೀಸಿಗೆ ತಾಯಿಯ ಬಳೆಗಳು ಹೋದವು.

ಈ ವರ್ಷ ಹೋಗಲು ಬಳೆಗಳಿರಲಿಲ್ಲ. ಮದುವೆಮನೆಗಳಿಗೆ ಪತ್ತಿರಿ ಮಾಡಿಕೊಟ್ಟು ಸಿಗುವುದು ಇಬ್ಬರ ಊಟಕ್ಕೆ, ರಿಫಾಳ ಬಸ್ಸಿಗೆ ಸರಿಹೋಗುತ್ತಿತ್ತು. ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜು ಹೇಳಿಯಾಗಿತ್ತು. ಉಳಿದದ್ದು ಟ್ರಸ್ಟ್ ಒಂದೇ.

ಪಕ್ಕದ ಮನೆಯ ಹಫ್ಸ ಜವಾಬ್ದಾರಿ ವಹಿಸಿಕೊಂಡಳು. ಗಂಡ ಮಸ್ಕತ್ತಿನಲ್ಲಿರುವ, ಧೈರ್ಯದ ಹೆಂಗಸು. ಅವಳು ಮಾಡಿದ ಅಡುಗೆಗೆ ಮಾತ್ರ ಅಕ್ಕಪಕ್ಕದವರು ಹೆದರುತ್ತಿದ್ದರು.

"ಫ್ರಿಜ್ಜು ನನ್ನ ಮನೆಗೆ ಬರಲಿ. ಪರದೆ ತೆಗಿ. ಆ ಸೌದಿ ಗಡಿಯಾರ ಯಾಕೆ ಅಲ್ಲಿ ನಗ್ತಾ ಉಂಟು? ಅದನ್ನೂ ತೆಗಿ."

"ಹಫ್ಸಮಾಮಿ, ಟೈಲ್ಸನ್ನು ಯಾವಾಗ ಕೊಂಡುಹೋಗ್ತೀರಿ?" ರಿಫಾ ಕೇಳಿದಳು.

"ಅದಕ್ಕೆ ಹಳೇ ಚಾಪೆ ಹಾಸುವ. ನೀನು ಸುಮ್ಮನೆ ನಗಬೇಡ, ನಕ್ಕರೆ ಅಂಕ ಹೋಗ್ತದೆ. ಮತ್ತೆ ರುಕಿಯಾ, ಹಾಲಿಲ್ಲದ ಕಣ್ಣ ಚಾ, ನಾಲ್ಕು ಬಿಸ್ಕೆಟ್. ಒಂದು ಮೊಟ್ಟೆ ಸಹ ಒಡೆಯಬೇಡ ಮಾರಾಯ್ತಿ!"

"ಇಲ್ಲ, ಇಲ್ಲ," ಎಂದಳು ರುಕಿಯಾ.

ಇಲ್ಲದ್ದನ್ನು ಇಲ್ಲವೆಂದು ಯಾರಿಗೂ ತೋರಿಸದೆ ನಡೆಸುವುದನ್ನೇ ಅವಳು ಸಂಸಾರವೆಂದು ಕಲಿತಿದ್ದಳು. ಬಾಸಿತ್ ಹೋದ ಮೇಲೂ ಬಾಗಿಲ ಪರದೆ ತೊಳೆದು ಹಾಕುತ್ತಿದ್ದದ್ದು ಅದಕ್ಕೇ. ಈಗ ಆ ಕಲಿಕೆಯನ್ನೆಲ್ಲ ಒಂದು ದಿನದ ಮಟ್ಟಿಗೆ ಮರೆಯಬೇಕಿತ್ತು. ಮನಸ್ಸು ಒಪ್ಪಿತು, ಕೈ ಒಪ್ಪಲಿಲ್ಲ. ಸಮಿತಿ ಬರುವ ದಿನ ಬೆಳಿಗ್ಗೆ, ತನಗೇ ತಿಳಿಯದ ಹಾಗೆ ಹಿಟ್ಟು ನಾದಿಯಾಗಿತ್ತು, ಹಂಚು ಕಾದಿತ್ತು, ಮತ್ತೊಂದು ಕೋಳಿ ಸಾಲದಲ್ಲಿ ಬಂದಿತ್ತು. ಹಫ್ಸ ಬಂದು ಹಣೆ ಚಚ್ಚಿಕೊಂಡಳು. ಪತ್ತಿರಿಯೂ ಸುಕ್ಕವೂ ಫ್ರಿಜ್ಜು ಹೋದ ದಾರಿಯಲ್ಲೇ ಅವಳ ಮನೆ ಸೇರಿದವು.

ಸಮಿತಿ ಸರಿಯಾಗಿ ಊಟದ ಹೊತ್ತಿಗೆ ಬಂತು. ಕಳೆದ ವರ್ಷದ ನೆನಪಿನಲ್ಲಿ ಈ ಮನೆಯನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡಿದ್ದರು. ಅಡುಗೆಮನೆ ನೋಡಲೆಂದೇ ಸೇರಿಸಿಕೊಂಡ ಮಹಿಳಾ ಸದಸ್ಯೆ ನುಸ್ರತ್ ಮೇಡಂ ಒಳಗೆ ಹೋಗಿ, ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿ ಬಂದರು.

"ಏನೂ ಇಲ್ಲ."

"ಏನೂ ಇಲ್ಲವಾ?" ಹಾಜಿಯವರ ಸ್ವರದಲ್ಲಿ ನಿಜವಾದ ದುಃಖವಿತ್ತು.

"ಎಂಬತ್ತೊಂದು," ಅಸ್ಕರ್ ಟ್ಯಾಬಿನಿಂದ ತಲೆ ಎತ್ತಿದ. "ಪಾಸ್!"

ಪಾಸಾದ ಮೇಲೂ ಯಾರೂ ಏಳಲಿಲ್ಲ. ಹಾಜಿಯವರು ಸಕ್ಕರೆ ಹಾಕದ ಕಣ್ಣ ಚಾವನ್ನು ಗುಟುಕರಿಸುತ್ತ ಕೂತರು. ಬಿಸ್ಕೆಟುಗಳನ್ನು ಅಸ್ಕರ್ ಮುಗಿಸಿದ್ದ. ಸ್ವಲ್ಪ ಹೊತ್ತಿನಲ್ಲಿ ಹಾಜಿಯವರ ಹಣೆಯಲ್ಲಿ ಬೆವರು ಕಾಣಿಸಿತು, ಗ್ಲಾಸು ಹಿಡಿದ ಕೈ ನಡುಗಿತು.

"ಶುಗರ್ ಇಳಿದ ಹಾಗೆ ಉಂಟು. ಬೆಳಿಗ್ಗೆ ಮಾತ್ರೆ ತಗೊಂಡೆ. ಇಲ್ಲಿ ಹೇಗೂ ಊಟ..." ಎಂದು ನಿಲ್ಲಿಸಿದರು.

ರುಕಿಯಾ ಟ್ಯಾಬಿನ ಕಡೆ ನೋಡಿದಳು, ಆ ಕೈಯ ಕಡೆ ನೋಡಿದಳು. ಚಪ್ಪಲಿಯೂ ಹಾಕದೆ ಹಫ್ಸಳ ಮನೆಗೆ ಓಡಿದಳು.

ಹಫ್ಸಳ ತಲೆ ಚುರುಕು. ಪಾತ್ರೆಗಳನ್ನು ತಾನೇ ಎತ್ತಿಕೊಂಡು ಬಂದು, "ನಾನು ಮಾಡಿದ್ದು, ಹಾಜಾರೇ. ಈ ಪಾಪದವಳ ಮನೆಯಲ್ಲಿ ಏನುಂಟು?" ಎಂದು ಬಡಿಸಿದಳು.

ಎರಡನೇ ಪತ್ತಿರಿಗೆ ಹಾಜಿಯವರ ಮುಖಕ್ಕೆ ಕಳೆ ಬಂತು. "ಅಸ್ಕರ್, ಬರಿ. ನೆರೆಮನೆಯಿಂದ ಊಟ ತರಿಸಬೇಕಾದ ಪರಿಸ್ಥಿತಿ." ಅಂಕ ಎಂಬತ್ತೊಂಬತ್ತಕ್ಕೆ ಏರಿತು. "ಹಫ್ಸ, ಇಂಥ ಕೈ ನಿನಗೆ ಎಲ್ಲಿಂದ ಬಂತು? ಈ ಸಲ ವಾರ್ಷಿಕೋತ್ಸವದ ಊಟ ನಿನ್ನದೇ."

ರುಕಿಯಾ ಬಗ್ಗಿ ನೀರು ಕೊಡುತ್ತಿದ್ದಳು. ಬಳೆ ಹೋದಾಗ ಅವಳಿಗೆ ಇಷ್ಟು ಸಂಕಟವಾಗಿರಲಿಲ್ಲ. ಬಳೆ ಅಂಗಡಿಯಿಂದ ಬಂದದ್ದು. ಈ ಕೈ ಅವಳನ್ನು ಹೆತ್ತ ಉಮ್ಮನಿಂದ ಬಂದದ್ದು.

ವಾರ್ಷಿಕೋತ್ಸವ ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ನಡೆಯಿತು. ಅದಕ್ಕಾಗಿ ಹಫ್ಸಳ ಹಿತ್ತಿಲಲ್ಲಿ ಕೂತು ಪತ್ತಿರಿ ಸುಟ್ಟವಳು ರುಕಿಯಾ. ಹಫ್ಸ ಹೊಗೆಗೆ ಕಣ್ಣೊರೆಸಿಕೊಂಡಳು. ಊಟದ ಹಣವನ್ನು ಟ್ರಸ್ಟು ಮುಂದಿನ ಸಭೆಯಲ್ಲಿ ಮಂಜೂರು ಮಾಡುವುದಂತೆ. ಅಸ್ಕರ್ ವರ್ಷದ ಲೆಕ್ಕಪತ್ರ ಓದಿದ. ವೇದಿಕೆ, ಶಾಲು, ಸ್ಮರಣಿಕೆ, ಊಟ ಎಲ್ಲ ಸೇರಿ ಮಕ್ಕಳ ಫೀಸಿಗಿಂತ ಸ್ವಲ್ಪವೇ ಹೆಚ್ಚಾಗಿತ್ತು. ಸಭೆ ಚಪ್ಪಾಳೆ ತಟ್ಟಿತು.

ಚೆಕ್ ಕೊಡುವ ಮೊದಲು ಸನ್ಮಾನ. ಹಫ್ಸಳಿಗೆ ಶಾಲು ಬಂತು. ಹಾಜಿಯವರು ಮೈಕು ಅವಳ ಮುಂದೆ ಹಿಡಿದರು. "ಪತ್ತಿರಿ ಇಷ್ಟು ಮೆತ್ತಗೆ ಹೇಗೆ ಬರ್ತದೆ, ನಮ್ಮ ಹೆಂಗಸರಿಗೆ ಎರಡು ಮಾತು ಹೇಳು."

"ಅದರಲ್ಲಿ ಏನುಂಟು?" ಹಫ್ಸ ಶಾಲು ಸರಿಮಾಡಿಕೊಂಡಳು. "ಹಿಟ್ಟಿಗೆ ತಣ್ಣೀರು ಹಾಕುವುದು, ಚೆನ್ನಾಗಿ ಕಲಸುವುದು."

ಹೆಂಗಸರ ಕಡೆ ಗುಸುಗುಸು ಎದ್ದಿತು. ಫಲಾನುಭವಿಗಳ ಸಾಲಿನಲ್ಲಿ ರುಕಿಯಾ ಸೆರಗು ಕಚ್ಚಿ ಕೂತಿದ್ದಳು. ಚೆಕ್ಕಿಗೆ ಇನ್ನು ಸ್ವಲ್ಪವೇ ಹೊತ್ತು, ಸ್ವಲ್ಪವೇ, ಎಂದುಕೊಂಡಳು.

"ಬೇಕಾದರೆ ಫ್ರಿಜ್ಜಿನ ನೀರು," ಎಂದಳು ಹಫ್ಸ.

"ತಣ್ಣೀರಲ್ಲ!" ರುಕಿಯಾ ಎದ್ದು ನಿಂತಾಗಿತ್ತು. "ಕುದಿಯುವ ನೀರಿಗೆ ಹಿಟ್ಟು ಹಾಕುವುದು! ಬಿಸಿ ಇರುವಾಗಲೇ ನಾದುವುದು! ತಣ್ಣೀರು ಹಾಕಿದರೆ ಹಂಚಿನಲ್ಲೇ ಒಡೆದುಹೋಗ್ತದೆ. ನಾನು ಹಾಗೆ ಮಾಡಲೇ ಇಲ್ಲ!"

ಹಾಜಿಯವರು ಹಫ್ಸಳನ್ನು ನೋಡಿದರು, ರುಕಿಯಾಳನ್ನು ನೋಡಿದರು. ಅಸ್ಕರನ ಕೈ ಆಗಲೇ ಟ್ಯಾಬಿಗೆ ಹೋಗಿತ್ತು.

"ಹಾಜಾರೇ, ಹಾಗಾದರೆ ಅಂಕ..."

"ವರದಿ ಅಚ್ಚಾಗಿದೆಯಾ?" ಹಾಜಿಯವರು ಮೈಕು ಪಕ್ಕಕ್ಕೆ ಹಿಡಿದು ಕೇಳಿದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

"ಆಗಿದೆ. ಗಲ್ಫಿಗೂ ಹೋಗಿದೆ."

"ಇವರ ಫೋಟೋ?"

"ಮೊದಲ ಪುಟದಲ್ಲಿ ಉಂಟು. ಚಾಪೆಯ ಮೇಲೆ."

"ಮತ್ತೆ ಏನು ಮಾರಾಯ? ಗಲ್ಫಿನವರಿಗೆ ಲೆಕ್ಕ ಹೋದ ಮೇಲೆ ಇವರು ಬಡವರೇ. ಕರಿ."

ಹೆಸರು ಕರೆದರು. ವೇದಿಕೆ ಹತ್ತುವಾಗ ರುಕಿಯಾಳ ಕಿವಿ ಸುಡುತ್ತಿತ್ತು. ಮಗಳ ಪರೀಕ್ಷೆಯನ್ನು ಒಂದು ರೊಟ್ಟಿಗಾಗಿ ಪಣಕ್ಕಿಟ್ಟೆನಲ್ಲ ಎಂದು ನಾಚಿಕೆಯಾಗಬೇಕಿತ್ತು. ಆದರೆ ಎದೆ ಹಗುರವಾಗಿತ್ತು. ಹಾಜಿಯವರು ಚೆಕ್ಕಿನ ಒಂದು ತುದಿ ಹಿಡಿದು ಫೋಟೋಕ್ಕೆ ನಿಂತರು.

"ಮುಂದಿನ ವರ್ಷ ನಾವು ಊಟ ಮಾಡಿಯೇ ಬರ್ತೇವೆ," ಎಂದರು ಸಣ್ಣ ಸ್ವರದಲ್ಲಿ. "ನಿನಗೂ ತೊಂದರೆ ಬೇಡ, ನಮಗೂ ಬೇಡ."

"ಛೆ, ಏನು ಹಾಜಾರೇ," ಚೆಕ್ಕಿನ ಇನ್ನೊಂದು ತುದಿ ಹಿಡಿದಿದ್ದ ರುಕಿಯಾ ಹೇಳಿದಳು. "ಉಣ್ಣದೆಯೇ ಬನ್ನಿ."

ಕೆಳಗೆ ಕೂತಿದ್ದ ರಿಫಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ಇನ್ನೂ ಎರಡು ವರ್ಷದ ಓದು ಬಾಕಿ ಇತ್ತು.