ಹದಿನೇಳನೆಯ ಪ್ರಶ್ನೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಔರಾದಿನ ಒಂದು ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು.

ಅದು ೧೯೫೭ರ ಆಗಸ್ಟ್ ೬. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂಬತ್ತು ತಿಂಗಳಾಗಿತ್ತು. ಹದಿಹರೆಯದ ಮಕ್ಕಳ ಮನಸ್ಸು ಯಾವ ಕಾರಣಗಳಿಂದ ಕೆಡುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ನಾನೊಬ್ಬಳೇ ಬೀದರದಲ್ಲಿ ಕೋಣೆ ಹಿಡಿದು, ಬಸ್ಸಿನಲ್ಲಿ ಊರೂರಿಗೆ ಹೋಗಿ ಮೂವತ್ತು ಪ್ರಶ್ನೆಗಳ ಹಾಳೆ ತುಂಬಿಸುತ್ತಿದ್ದೆ. ಹೆಸರು ಬರೆಯಬೇಕಿಲ್ಲ, ಪಕ್ಕದವರು ನೋಡಬಾರದು ಎಂಬುದು ನಾನೇ ಮಾಡಿದ ನಿಯಮ.

ಔರಾದಿನ ಆ ಮಕ್ಕಳು ಮನೆಯಲ್ಲಿ ಕನ್ನಡ ಆಡಿದರೂ ಅಲ್ಲಿಯವರೆಗೆ ಶಾಲೆಯಲ್ಲಿ ಮರಾಠಿಯಲ್ಲೇ ಓದಿದವರು. ನನ್ನ ಹಾಳೆ ಕನ್ನಡದಲ್ಲಿ ಅಚ್ಚಾಗಿತ್ತು. ಅರ್ಧ ಗಂಟೆಯಾದರೂ ಯಾರೂ ಮೂರನೆಯ ಪ್ರಶ್ನೆ ದಾಟಿರಲಿಲ್ಲ. ಬೀದರದ ಬಸ್ಸು ಒಂದು ಗಂಟೆಗೆ.

“ಬಾಯಾರ, ಹಿಂಗಾದ್ರ ಸಂಜಿ ಆಗ್ತದ್ರಿ,” ಎಂದರು ಹೆಡ್‌ಮಾಸ್ತರ ಮಾಣಿಕರಾವ್. “ನೀವೇ ಜೋರಾಗಿ ಓದ್ರಿ, ಹೌದಂದವ್ರು ಕೈ ಎತ್ತಲಿ. ನಾ ಎಣಸ್ತೇನಿ.”

ನಾನು ಒಪ್ಪಿದೆ.

‘ಬದುಕಿರುವುದೇ ಬೇಡ ಅನ್ನಿಸಿದೆಯೇ?’ ಎಂಬುದು ಹದಿನೇಳನೆಯ ಪ್ರಶ್ನೆ. ಮುಂದಿನ ಸಾಲಿನಿಂದ ಒಂದೇ ಕೈ ಮೇಲೆದ್ದಿತು. ಹಿಂದೆ ಯಾರೋ ನಕ್ಕರು.

“ಏ ಸುಲಭಾ, ನಿನಗೇನ್ ಕಮ್ಮಿ ಆಗ್ಯಾದ? ಮನ್ಯಾಗ ಜ್ವಾಳ ತೀರ್ಯಾವೇನು?” ಎಂದರು ಮಾಸ್ತರರು.

ಇಡೀ ತರಗತಿ ನಕ್ಕಿತು. ನಾನು ‘ಒಂದು’ ಎಂದು ಬರೆದುಕೊಂಡು ಹದಿನೆಂಟಕ್ಕೆ ಹೋದೆ. ಅದು ತಲೆನೋವಿನ ಪ್ರಶ್ನೆ. ಬಸ್ಸು ಸಿಕ್ಕಿತು.

ಹದಿನೈದು ದಿನಗಳ ನಂತರ ಬಿಟ್ಟುಹೋದ ವಿವರಗಳಿಗಾಗಿ ಮತ್ತೆ ಹೋದಾಗ ಸುಲಭಾಳ ಜಾಗ ಖಾಲಿಯಿತ್ತು. ಮನೆ ಕೇಳಿಕೊಂಡು ಹೋದೆ. ತಾಯಿ ಸುಭದ್ರಾಬಾಯಿ ಚಾಪೆ ಹಾಸಿ, ಚಹಾ ಕೊಟ್ಟರು.

“ಓಣ್ಯಾಗ ಹುಡುಗರು ಅಕಿಗಿ ಕೈ ಎತ್ತಿ ಎತ್ತಿ ತೋರಿಸ್ತಿದ್ರು. ನೀರಿಗಿ ಹೋಗ್ಲಾಕ ಬಿಡವಲ್ರು. ಭಾಲ್ಕಿಗಿ, ನಾದಿನಿ ಮನಿಗಿ ಕಳಸೀವ್ರಿ.”

ತಪ್ಪು ನನ್ನದು ಎಂದೆ.

“ಮಾಸ್ತರು ಹೇಳಿದ್ದು ಕೇಳು ಅಂತ ನಾವೇ ಕಲಿಸೀವಿ. ಕೇಳ್ಯಾಳ,” ಎಂದರು. ಆಮೇಲೆ ದನಿ ತಗ್ಗಿಸಿದರು. “ನನಗ ಹೇಳಲಾರದ್ದು ನಿಮಗ ಹೇಳ್ಯಾಳ. ಏನಾಗಿತ್ತಂತ್ರಿ ಅಕಿಗಿ?”

ನಾನು ಕೇಳಿರಲಿಲ್ಲ. ಚೀಲದೊಳಗಿನ ನೋಟುಬುಕ್ಕಿನಲ್ಲಿ ‘ಒಂದು’ ಎಂದಷ್ಟೇ ಇತ್ತು. ಹಾಗೆಂದು ಹೇಳಲು ನಾಚಿಕೆಯಾಗಿ, ವಿಚಾರಿಸಿ ತಿಳಿಸುತ್ತೇನೆ ಎಂದೆ.

ಸೆಪ್ಟೆಂಬರದಲ್ಲಿ ಭಾಲ್ಕಿಗೆ, ಅವಳು ಸೇರಿದ್ದ ಶಾಲೆಗೆ ಹೋದೆ. ಈ ಸಲ ಹಾಳೆಗಳನ್ನು ಮರಾಠಿಯಲ್ಲಿ ಬರೆಸಿದ್ದೆ. ಮಕ್ಕಳನ್ನು ದೂರ ದೂರ ಕೂಡಿಸಿ, ಮಾಸ್ತರರನ್ನು ಹೊರಗೆ ಕಳಿಸಿದೆ. ಸುಲಭಾ ಕಿಟಕಿಯ ಹತ್ತಿರವಿದ್ದಳು. ನನ್ನನ್ನು ನೋಡಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಬಿಡುವಿನಲ್ಲಿ ಅವಳ ಪಕ್ಕ ಕೂತು, ಅಂದು ಏನಾಗಿತ್ತು ಎಂದು ಕೇಳಿದೆ.

“ಏನಿಲ್ಲರಿ ಬಾಯಾರ. ಸುಮ್ಮ ಎತ್ತಿದ್ದೆ.”

ಅವಳ ಹಾಳೆ ಎಲ್ಲರಿಗಿಂತ ಮೊದಲೇ ನನ್ನ ಕೈಸೇರಿತ್ತು. ಮೂವತ್ತು ಪ್ರಶ್ನೆಗಳಿಗೂ ‘ಇಲ್ಲ’ ಎಂದು ಬರೆದಿದ್ದಳು. ತಾಯಿ ಇದ್ದಾರೆಯೇ ಎಂಬ ಮೊದಲನೆಯದಕ್ಕೂ.