ಸುದ್ದಿ ಮುಟ್ಟದ ದೋಣಿ

ದಿನೇಶನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬಲೆ ಒಣಗಿಸುವಷ್ಟು ಜಾಗ. ಅವರ ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಆ ಮಾತು ನಮಗೆ ಕೇಳುತ್ತದೆ. ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕೂತು ಹರಿದ ಬಲೆ ಸರಿಮಾಡುತ್ತ, ಫೋನನ್ನು ಮೊಣಕಾಲ ಪಕ್ಕ ಇಟ್ಟುಕೊಂಡು ನಮ್ಮ ತದಡಿ ದೋಣಿ ಗ್ರೂಪಿನಲ್ಲಿ, ಅದನ್ನು ನಡೆಸುವ ವಿನಾಯಕ ಹೇಳುವ ಸುದ್ದಿ ಕೇಳುವನು. ಅವನ ಹೆಂಡತಿ ದೀಪಿಕಾ ಮೀನಿನ ಬುಟ್ಟಿ ತೊಳೆಯುತ್ತ ಅಲ್ಲಿಂದಲೇ ಕೇಳುವಳು.

"ಬಂಗಡೆ ಎಂತ ಹೇಳ್ತದೆ ಇವತ್ತು?"

"ಬಂಗಡೆ ಎಂತದೂ ಹೇಳ್ಲಿಲ್ಲ. ವಿನಾಯಕನೇ ಎಲ್ಲ ಹೇಳೂದು."

ಒಂಬತ್ತನೇ ಇಯತ್ತೆಯ ಮಗಳು ಧನ್ಯಾ ಜಡೆ ಹಾಕಿಕೊಳ್ಳುತ್ತ ನಗುವಳು. ದಿನಾ ಅದೇ ಪ್ರಶ್ನೆ, ಅದೇ ಉತ್ತರ, ಅದೇ ನಗೆ.

ಆ ಗ್ರೂಪನ್ನು ನಾನು ಹಳಿಯುವವನಲ್ಲ. ಮೊದಲು ನಮ್ಮ ಹೆಂಗಸರು ಬಂದರಿನಲ್ಲಿ ಬಿಸಿಲಿಗೆ ಕೂತು ಕಾದು ಖಾಲಿ ಬುಟ್ಟಿ ಹೊತ್ತು ತಿರುಗಿ ಬರುತ್ತಿದ್ದರು. ಈಗ ಯಾವ ದೋಣಿಗೆ ಎಂತ ಮೀನು ಬಿತ್ತು, ಐಸು ಬಂತೋ ಇಲ್ಲವೋ, ಕುಮಟೆಗೆ ಹೋಗುವ ಟೆಂಪೋ ಎಷ್ಟು ಹೊತ್ತಿಗೆ, ಎಲ್ಲ ಮನೆಯಲ್ಲಿ ಕೂತೇ ತಿಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಅಳಿವೆಯ ಸುದ್ದಿ. ಅಘನಾಶಿನಿ ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ ಮರಳಿನ ದಿಣ್ಣೆ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ದಿಣ್ಣೆಯ ಮೇಲೆ ತೆರೆ ಒಡೆಯುವಾಗ ಸಣ್ಣ ದೋಣಿ ಹೊಕ್ಕರೆ ಮಗುಚಿತೆಂದೇ ತಿಳಿಯಬೇಕು. ಮೊದಲು ಒಳಗೆ ಬಂದ ದೋಣಿಯವರು ದಿಣ್ಣೆ ಎಲ್ಲಿದೆಯೆಂದು ಗ್ರೂಪಿನಲ್ಲಿ ಹೇಳುತ್ತಾರೆ. ಹಿಂದಿನವರು ಅದನ್ನು ಕೇಳಿ ದಾರಿ ಬದಲಿಸುತ್ತಾರೆ. ನನ್ನ ಅಪ್ಪನ ಕಾಲದಲ್ಲಿ ಈ ಕೆಲಸವನ್ನು ಒಂದು ಬಿದಿರಿನ ಗಳ ಮಾಡುತ್ತಿತ್ತು. ಅಪ್ಪ ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿ, ದಂಡೆಯಲ್ಲಿ ನಿಂತು, ನೀರು ಆಳವಿದ್ದ ಬದಿಗೆ ಬಾಗಿಸಿ ತೋರಿಸುತ್ತಿದ್ದ.

ಊರಿನ ಕಾರಭಾರಕ್ಕೂ ಫೋನು ಉಪಕಾರ ಮಾಡಿದ್ದುಂಟು. ಬಂದರಿನ ಮೆಟ್ಟಿಲು ಮುರಿದು ಹೆಂಗಸರು ಜಾರಿ ಬೀಳುತ್ತಿದ್ದರು. ಹಿರಿಯರಾದ ನಾವು ಹನ್ನೊಂದು ವರ್ಷ ಅರ್ಜಿ ಕೊಟ್ಟೆವು. ದೀಪಿಕಾ ಅಲ್ಲೇ ಬಿದ್ದು ಕೈ ಮುರಿದುಕೊಂಡಳು. ಆಗ ನಮ್ಮ ಕೇರಿಯಲ್ಲಿ ಹೊಲಿಗೆ ಮಾಡುವ ಸುಷ್ಮಾ ಆ ಮೆಟ್ಟಿಲಿನ ವಿಡಿಯೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದಳು. ಅದನ್ನು ಎಲ್ಲೆಲ್ಲಿಯವರೋ ನೋಡಿದರು. ತಿಂಗಳೊಳಗೆ ಹೊಸ ಮೆಟ್ಟಿಲಾಯಿತು.

ಮುಂದಿನ ಪಂಚಾಯತಿ ಚುನಾವಣೆಗೆ ಸುಷ್ಮಾ ನಿಂತಳು. ನಮ್ಮ ಸಮಾಜದ ಹಿರಿಯ ಮಾಬ್ಲೇಶ್ವರ ಮಾತ್ರ ತನ್ನ ತಂಗಿಯ ಮಗನನ್ನು ನಿಲ್ಲಿಸಿ, ಸಮಾಜದ ಓಟೆಲ್ಲ ಅವನಿಗೇ ಎಂದು ಕಟ್ಟು ಮಾಡಿದ್ದ. ದಿನೇಶ ತನ್ನ ಫೋನಿನ ಸ್ಟೇಟಸ್ಸಿಗೆ ಸುಷ್ಮಾಳ ಫೋಟೋ ಹಾಕಿದ. ಅದು ಒಂದು ದಿನ ಇದ್ದು ತಾನಾಗಿ ಅಳಿಸಿಹೋಗುವಂಥದ್ದಂತೆ. ಆ ಒಂದು ದಿನ ಸಾಕಾಯಿತು.

ದೇವಸ್ಥಾನದ ಪಕ್ಕದ ಚಪ್ಪರದಲ್ಲಿ ಸಭೆ ಕೂಡಿತು.

"ಸಮಾಜ ಅಂದ್ಮೇಲೆ ಒಂದೇ ಮಾತು. ಫೋಟೋ ಹಾಕೂಕೆ ಯಾರನ್ನ ಕೇಳ್ದೆ?" ಎಂದ ಮಾಬ್ಲೇಶ್ವರ.

"ಮಾವ, ನನ್ನ ಹೆಂಡ್ತಿ ಕೈ ಮುರಿದದ್ದು ಆ ಮೆಟ್ಟಿಲ ಮೇಲೆ. ಕಟ್ಸಿಕೊಟ್ಟವಳ ಫೋಟೋ ಹಾಕ್ದೆ. ನಿಮ್ಮ ಅಳಿಯ ಕಟ್ಸಿದ್ರೆ ಅವಂದೂ ಹಾಕ್ತಿದ್ದೆ."

ಹಿಂದೆ ಕೂತವರಲ್ಲಿ ಯಾರೋ ನಕ್ಕರು. ಆ ನಗೆಯೇ ಕೆಡಿಸಿತೆಂದು ನನಗೆ ಈಗಲೂ ಅನಿಸುತ್ತದೆ. ಮಾಬ್ಲೇಶ್ವರನ ಮುಖ ಕಪ್ಪಾಯಿತು.

"ದೇವರ ಮುಂದೆ ಕಾಯಿ ಇಟ್ಟು ತಪ್ಪಾಯ್ತು ಹೇಳು."

"ತಪ್ಪು ಎಂತದು ಹೇಳಿ, ಕಾಯಿ ಇಡ್ತೆ."

ಆಗ ಗ್ರೂಪು ನಡೆಸುವ ವಿನಾಯಕ ಎದ್ದ. ಓದಿದ ಹುಡುಗ, ಮಾತು ಮೆತ್ತಗೆ. "ಜಗಳ ಎಂತಕ್ಕೆ? ಗ್ರೂಪಿಂದ ತೆಗೀತೆ, ಅಷ್ಟೆ. ಬಹಿಷ್ಕಾರ ಅಂದ್ರೆ ಪೊಲೀಸರು ಬತ್ತಾರೆ. ಇದಕ್ಕೆ ಯಾರೂ ಬರೂದಿಲ್ಲ. ಅವನಿಗೆ ಇಲ್ಲಿನ ಸುದ್ದಿ ಹೇಳಿದವರನ್ನೂ ತೆಗೀತೆ."

ಸುಷ್ಮಾ ಚಪ್ಪರದ ಕಂಬದ ಹತ್ತಿರ ನಿಂತಿದ್ದಳು. "ವಿನಾಯಕಣ್ಣ, ಓಟಿನ ಜಗಳ ಬೇರೆ ಮಾಡಿ. ಇದು ದೋಣಿ ಗ್ರೂಪು. ಗಾಳಿ, ತೆರೆ, ದಿಣ್ಣೆ ಯಾವ ಪಾರ್ಟಿ ಅಂತ ಕೇಳ್ತದಾ? ನನಗೆ ಒಂದು ಓಟೂ ಬೇಡ, ಅವನನ್ನ ತೆಗೀಬೇಡಿ."

"ನೀ ರವಿಕೆ ಹೊಲಿ, ತಂಗಿ," ಎಂದ ಮಾಬ್ಲೇಶ್ವರ. ಆಮೇಲೆ ನನ್ನ ಕಡೆ ತಿರುಗಿದ. "ದಾಸಣ್ಣ, ನೀ ಹಿರಿಯವ. ಎಂತ ಹೇಳ್ತಿ?"

ದಿನೇಶ ನನ್ನನ್ನೇ ನೋಡುತ್ತಿದ್ದ. ಅವನ ಅಪ್ಪನೂ ನಾನೂ ಇಪ್ಪತ್ತು ವರ್ಷ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು. ಸಭೆಯಲ್ಲಿ ಎದುರು ಮಾತಾಡುವ ಅಭ್ಯಾಸ ನನಗೆ ಎಂದೂ ಇರಲಿಲ್ಲ.

"ಆತು," ಎಂದೆ.

ಅಷ್ಟೇ. ಅವನ ಮನೆಗೆ ಯಾರೂ ಕಲ್ಲು ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಟೆಂಪೋ ಹೊತ್ತು ತಿಳಿಯದೆ ದೀಪಿಕಾ ಬುಟ್ಟಿ ಹೊತ್ತು ರಸ್ತೆಯಲ್ಲಿ ನಿಲ್ಲತೊಡಗಿದಳು. ಟೆಂಪೋ ನಿಲ್ಲದೆ ಅವಳ ಮುಂದೆಯೇ ಹೋಗುತ್ತಿತ್ತು. ಒಳಗಿದ್ದ ಹೆಂಗಸರು ಫೋನು ನೋಡುತ್ತಿದ್ದರು. ಅವನ ಜೊತೆ ಬಲೆ ಬಿಡಲು ಹೋಗುತ್ತಿದ್ದ ರಾಜೇಶ ಒಂದು ವಾರ ಬೆನ್ನುನೋವೆಂದ, ಆಮೇಲೆ ಬೇರೆ ದೋಣಿ ಹತ್ತಿದ. ದಿನೇಶ ಒಬ್ಬನೇ ಕಡಲಿಗೆ ಹೋದ. ಮೆಟ್ಟಿಲ ಮೇಲಿನ ಫೋನು ಸುಮ್ಮನಾಯಿತು. ಬಂಗಡೆ ಎಂತ ಹೇಳ್ತದೆಂದು ದೀಪಿಕಾ ಕೇಳುವುದನ್ನೂ ಬಿಟ್ಟಳು.

ಚುನಾವಣೆ ಮುಗಿದು ಮಾಬ್ಲೇಶ್ವರನ ಅಳಿಯ ಗೆದ್ದ. ಗೆದ್ದ ಮೇಲಾದರೂ ಸೇರಿಸಿಕೊಳ್ಳಬಹುದೆಂದು ನಾನು ಮೆಲ್ಲಗೆ ಹೇಳಿದೆ. "ಕಾಯಿ ಇಡ್ಲಿ," ಎಂದರು. ಎರಡನೇ ಸಲ ನಾನು ಹೇಳಲಿಲ್ಲ.

ನಾನು ಎಂಟು ವರ್ಷದವನಿದ್ದಾಗ ಹಳೆಯ ಬಹಿಷ್ಕಾರವನ್ನು ಕಣ್ಣಾರೆ ಕಂಡವನು. ಬಹಿಷ್ಕಾರ ಹಾಕಿದ ಮನೆಯ ಒಲೆಗೆ ಬೆಂಕಿ ಕೊಡುವಂತಿರಲಿಲ್ಲ, ಅವರ ದೋಣಿ ದಡಕ್ಕೆ ಎಳೆಯಲು ಯಾರೂ ಕೈ ಹಾಕುವಂತಿರಲಿಲ್ಲ. ಒಂದು ಮಗು ಜ್ವರದಲ್ಲಿ ಹೋಯಿತು. ಕೆಟ್ಟ ಪದ್ಧತಿ, ಅದನ್ನು ಒಳ್ಳೆಯದೆಂದು ಯಾರೂ ಹೇಳಬಾರದು. ಆದರೂ ಆ ಮನೆಯ ದೋಣಿ ಅಳಿವೆಗೆ ಬಂದಾಗ ನನ್ನ ಅಪ್ಪ ಗಳವನ್ನು ಕೆಳಗಿಳಿಸಲಿಲ್ಲ. ಇಳಿಸಿದ್ದರೆ ಊರೇ ನೋಡುತ್ತಿತ್ತು. ಫೋನಿನಲ್ಲಿ ಯಾರೂ ಏನನ್ನೂ ಕೆಳಗಿಳಿಸಿದಂತೆ ಕಾಣುವುದಿಲ್ಲ.

ದೀಪಾವಳಿಯ ಹಿಂದಿನ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದರಿನ ಕಟ್ಟೆಯ ಮೇಲೆ ಕೂತಿದ್ದೆ. ಪಡುಗಾಳಿ ಎದ್ದಿತ್ತು. ಕಿಸೆಯಲ್ಲಿ ಫೋನು ಸದ್ದು ಮಾಡಿತು. ವಿನಾಯಕನ ದನಿ, ಅಳಿವೆಯ ಸುದ್ದಿ. ಕೇಳಿ, ಎಲ್ಲರಂತೆ ಹೆಬ್ಬೆಟ್ಟಿನ ಗುರುತು ಒತ್ತಿದೆ.

ದಿನೇಶ ಕಡಲಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಅವನ ನಂಬರು ನನ್ನ ಫೋನಿನಲ್ಲಿ ಎಲ್ಲರಿಗಿಂತ ಮೇಲೆ ಇದೆ. ನನಗೆ ಓದಲು ಕಷ್ಟವೆಂದು ಧನ್ಯಾ ಅದರ ಪಕ್ಕ ದೋಣಿಯ ಚಿತ್ರ ಹಾಕಿಕೊಟ್ಟಿದ್ದಳು. ಫೋನು ಹೊರಗೆ ತೆಗೆದೆ. ದೋಣಿಯ ಚಿತ್ರ ನೋಡಿದೆ. ಸಭೆಯ ಮಾತು ನೆನಪಾಯಿತು. ಯಾರಾದರೂ ಹೇಳಿರುತ್ತಾರೆ ಎಂದುಕೊಂಡೆ. ಫೋನನ್ನು ಕಿಸೆಗೆ ಹಾಕಿದೆ.

ಯಾರೂ ಹೇಳಿರಲಿಲ್ಲ. ಎಲ್ಲರೂ ನನ್ನಂತೆಯೇ ಎಂದುಕೊಂಡಿದ್ದರು.

ಅರ್ಧ ಗಂಟೆಯಲ್ಲಿ ಅವನ ನೀಲಿ ದೋಣಿ ಕಂಡಿತು. ಬಡಗು ಬದಿಯಿಂದ, ದಿನಾ ಬರುವ ದಾರಿಯಲ್ಲೇ ಬರುತ್ತಿತ್ತು. ನಾನು ಎದ್ದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅಂಗಿ ಬಿಚ್ಚಿ ಬೀಸಿದೆ. ಅವನು ಕೈ ಎತ್ತಿದ. ನಾನು ಸುಮ್ಮನೆ ಮಾತಾಡಿಸುತ್ತಿದ್ದೇನೆಂದು ತಿಳಿದನೋ ಏನೋ. ತೆರೆ ಹಿಂದಿನಿಂದ ಎದ್ದಿತು. ಆಮೇಲೆ ದೋಣಿಯ ತಳ ಮಾತ್ರ ಕಂಡಿತು.

ಮಾರನೇ ದಿನ ಮಧ್ಯಾಹ್ನ ಹೊಳೆಯ ಆಚೆ ದಡದಲ್ಲಿ ಸಿಕ್ಕಿದ.

ಹೆಣ ಮನೆಗೆ ಬರುವ ಮುಂಚೆಯೇ ಗ್ರೂಪಿನಲ್ಲಿ ಅವನ ಫೋಟೋ ಬಂತು, ಸುತ್ತ ಹೂವು, ಎರಡು ದೀಪ. "ನಮ್ಮ ಸಮಾಜದ ಹೆಮ್ಮೆಯ ಮಗ." ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಧನ್ಯಾ ನಮ್ಮ ಮನೆಯಲ್ಲಿ ಕೂತಿದ್ದಳು, ಫೋನು ಅವಳ ಕೈಗೆ ಸಿಕ್ಕಿತು.

"ಅಜ್ಜ, ಅಪ್ಪನನ್ನ ಇದರಿಂದ ತೆಗ್ದಿದ್ರಲ್ಲ," ಎಂದಳು. "ಈಗ ಹ್ಯಾಂಗೆ ಒಳಗೆ ಬಂದ?"



ಹದಿಮೂರನೇ ದಿನ ಸಭೆಗೆ ದೀಪಿಕಾಳನ್ನು ಕರೆಸಿದರು. ಅಳಿಯನಿಗೆ ಹೇಳಿ ಸರಕಾರದ ಪರಿಹಾರ ಕೊಡಿಸುವ ಮಾತನ್ನು ಮಾಬ್ಲೇಶ್ವರ ಆಡಿದ. ಅವನ ಕಣ್ಣೂ ಒದ್ದೆಯಾಗಿತ್ತು, ಅದು ಸುಳ್ಳಲ್ಲ. ವಿನಾಯಕ ಹೇಳಿದ, "ಅಕ್ಕ, ನಿಮ್ಮ ನಂಬರು ಈಗ್ಲೇ ಸೇರಿಸ್ತೆ."

"ತಡಿ," ಎಂದಳು. "ಆ ದಿನ ನೀ ಹೇಳಿದ್ದು ನಾನು ಕೇಳ್ಬೇಕು. ಎಲ್ಲರೂ ಕೇಳೀರಿ. ನಮ್ಮ ಮನೆಯವ್ರು ಒಬ್ರೇ ಕೇಳ್ಲಿಲ್ಲ."

ಯಾರೂ ಫೋನು ತೆಗೆಯಲಿಲ್ಲ. ನಾನು ತೆಗೆದು ಧನ್ಯಾಳಿಗೆ ಕೊಟ್ಟೆ. ಅವಳು ಹುಡುಕಿ ಒತ್ತಿದಳು. ಚಪ್ಪರದಲ್ಲಿ ವಿನಾಯಕನ ದನಿ ಎದ್ದಿತು: "ಬಡಗು ಬದಿಗೆ ಬರಬೇಡಿ, ದಿಣ್ಣೆ ಕಟ್ಟಿದೆ, ತೆರೆ ಒಡೀತಾ ಇದೆ. ತೆಂಕು ಬದಿಯಿಂದ ಸುತ್ತಿ ಬನ್ನಿ. ಎಲ್ಲರೂ ಕೇಳಿದ್ರಾ?"

"ಇನ್ನೊಂದ್ಸಲ ಹಾಕು," ಎಂದಳು ದೀಪಿಕಾ. ಎರಡನೇ ಸಲವೂ ಕೇಳಿ, "ಇಷ್ಟೇಯಾ?" ಎಂದಳು. "ಇಷ್ಟು ಹೇಳೂಕೆ ಆಗ್ಲಿಲ್ವಾ ನಿಮ್ಗೆ?"

ಆಮೇಲೆ ಮಗಳ ಕಡೆ ತಿರುಗಿದಳು.

"ಕೆಳಗೆ ಹೆಬ್ಬೆಟ್ಟು ಎಷ್ಟವೆ, ಮಗಾ?"

"ನಲವತ್ತಾರು," ಎಂದಳು ಧನ್ಯಾ. "ಅಜ್ಜಂದೂ ಅದೆ."

ನಾನು ಎದ್ದು ನಿಂತೆ. "ಆ ದಿನ ಆತು ಅಂದವ ನಾನು. ಅವನ ನಂಬರು ಕೈಯಲ್ಲಿ ಹಿಡ್ಕೊಂಡು ಕಿಸೆಗೆ ಹಾಕಿದವನೂ ನಾನೇ. ಕಾಯಿ ಇಡಬೇಕಾದವ ಅವ ಅಲ್ಲ," ಎಂದೆ. ನನ್ನ ಎಪ್ಪತ್ತಾರು ವರ್ಷದಲ್ಲಿ ಸಭೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಬೇಕಾದ ದಿನ ಆಡಲಿಲ್ಲ.

ದೀಪಿಕಾ ತನ್ನ ನಂಬರು ಕೊಡಲಿಲ್ಲ. "ನಿಮ್ಗೆ ಬೇಡ ಅಂದಾಗ ಹೊರಗೆ ಹಾಕೂ ಜಾಗಕ್ಕೆ ನಾನು ಬರೂದಿಲ್ಲ, ನನ್ನ ಮಗಳೂ ಬರೂದಿಲ್ಲ," ಎಂದು ಮಗಳ ಕೈ ಹಿಡಿದು ಇಳಿದು ಹೋದಳು. ಅವಳ ಹಿಂದೆ ಸುಷ್ಮಾ ಹೋದಳು. ಆಮೇಲೆ, ತಲೆ ತಗ್ಗಿಸಿಕೊಂಡು, ರಾಜೇಶ.

ಓದುವವರೇ, ನಿಮ್ಮ ಊರಿನ ಗ್ರೂಪಿನಿಂದ ಯಾರನ್ನು ತೆಗೆದಿದ್ದೀರಿ, ಯಾಕೆ ತೆಗೆದಿರಿ, ಒಮ್ಮೆ ನೆನಪು ಮಾಡಿಕೊಳ್ಳಿ. ನೆನಪಾದರೆ ಇವತ್ತೇ ಫೋನು ಮಾಡಿ.

ಮರುದಿನ ನಾನು ಹಿತ್ತಲಿನ ಬಿದಿರು ಕಡಿದೆ. ಬಟ್ಟೆ ಕೇಳುವ ಮೊದಲೇ ದೀಪಿಕಾ ದಿನೇಶನ ಕೆಂಪು ಟವೆಲು ತಂದುಕೊಟ್ಟಳು. ದಂಡೆಯಲ್ಲಿ ಗಳ ಹಿಡಿದು ನಿಂತೆ. ಮಾಬ್ಲೇಶ್ವರ ಬಂದು ಪಕ್ಕದಲ್ಲಿ ನಿಂತ.

"ಎಲ್ಲರ ಕೈಲೂ ಫೋನು ಅದೆ, ದಾಸಣ್ಣ. ಇದು ಯಾರಿಗೆ?"

ಅಳಿವೆಯಲ್ಲಿ ಒಂದು ದೋಣಿ ಬರುತ್ತಿತ್ತು. ಯಾರದೆಂದು ನಾನು ನೋಡಲಿಲ್ಲ. ಗಳವನ್ನು ತೆಂಕು ಬದಿಗೆ ಬಾಗಿಸಿದೆ. ದೋಣಿ ತೆಂಕಕ್ಕೆ ತಿರುಗಿತು.